ಎರಡನೇ ಗೇಟಿನ ಬ್ಯಾಂಡು

ಕ್ಷಮಿಸುವುದು ದೊಡ್ಡ ಗುಣ ಎಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಥವರಿಗೆ ಯಾರೂ ಸರಿಯಾಗಿ ಅವಮಾನ ಮಾಡಿರಲಿಕ್ಕಿಲ್ಲ. ನನ್ನ ಅಮ್ಮನ ಕೈಗೆ ಕಟ್ಟಿದ್ದ ಕಾಗದದ ಬ್ಯಾಂಡನ್ನು ಒಬ್ಬ ಮನುಷ್ಯ ಐವತ್ತು ಜನರೆದುರು ಕತ್ತರಿಸಿ ತೆಗೆದ. ಆ ಮನುಷ್ಯನ ಬೆನ್ನನ್ನು ನಾನು ನಾಲ್ಕು ತಿಂಗಳು ಬಿಡಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ನನ್ನನ್ನು ಒಳ್ಳೆಯವಳು ಎಂದು ಯಾರೂ ತಿಳಿಯಬೇಕಾಗಿಲ್ಲ.

ಹೊನ್ನಾವರದಿಂದ ಕುಮಟೆಗೆ ಹೋಗುವ ಹೆದ್ದಾರಿಯ ಪಕ್ಕ, ಹೊಳೆ ಸಮುದ್ರ ಸೇರುವಲ್ಲಿಗೆ ಎದುರಾಗಿ ಒಂದು ಕೆಂಪುಕಲ್ಲಿನ ಗುಡ್ಡವಿದೆ. ಆ ಗುಡ್ಡವನ್ನು ಮಟ್ಟ ಮಾಡಿ ಒಂದು ಪಾರ್ಕು, ಪಾರ್ಕಿಗೆ ಅಂಟಿಕೊಂಡಂತೆ ಒಂದು ಹೋಟೆಲು ಕಟ್ಟಿದ್ದಾರೆ. ಜಾರುಬಂಡೆ, ಸುಳ್ಳು ಅಲೆಯ ಕೊಳ, ತಿರುಗುವ ಬುಟ್ಟಿ, ಎಲ್ಲ ಉಂಟು. ನಿಜವಾದ ಅಲೆ ಗುಡ್ಡದ ಕೆಳಗೇ ಪುಕ್ಕಟೆ ಬಡಿಯುತ್ತಿರುವಾಗ ಟಿಕೆಟು ತೆಗೆದು ಸುಳ್ಳು ಅಲೆಗೆ ಮೈಯೊಡ್ಡುವ ಜನರನ್ನು ಕಂಡು ನನಗೆ ಮೊದಮೊದಲು ನಗು ಬರುತ್ತಿತ್ತು. ಆ ಹೋಟೆಲಿನ ಕೌಂಟರಿನಲ್ಲಿ ನನಗೆ ಕೆಲಸ. ಬಂದವರಿಗೆ ರೂಮಿನ ಕಾರ್ಡು ಕೊಡುವುದು, ಕೈಗೆ ಬ್ಯಾಂಡು ಕಟ್ಟುವುದು, ಕೆಲಸದವರು ಕಡಿಮೆಯಾದ ದಿನ ಗೇಟಿನಲ್ಲಿ ನಿಲ್ಲುವುದು.

ಗುಡ್ಡದ ನೆತ್ತಿಯ ಮೇಲೆ ಜಾತ್ರೆಯಲ್ಲಿ ತಿರುಗುವಂಥ ದೊಡ್ಡ ತೊಟ್ಟಿಲು ಇದೆ. ಗಾಜಿನ ಪೆಟ್ಟಿಗೆಗಳು ಮೇಲೆ ಹೋಗಿ ಕೆಳಗೆ ಬರುವಂಥದ್ದು. ಅದು ದಿನದ ಟಿಕೆಟಿನವರಿಗೆ ಇಲ್ಲ. ಹೊತ್ತು ಮುಳುಗುವ ಮೊದಲು, ಬೇಸಿಗೆಯಾದರೆ ಆರಕ್ಕೆ, ಮಳೆ ಕಳೆದ ಮೇಲಾದರೆ ಐದಕ್ಕೆ, ಹೊರಗಿನವರನ್ನೆಲ್ಲ ಕಳಿಸಿ ದೊಡ್ಡ ಗೇಟು ಹಾಕುತ್ತಾರೆ. ಆಮೇಲೆ ಹೋಟೆಲಿನಲ್ಲಿ ಉಳಿದವರಿಗೆ ಮಾತ್ರ ಎರಡನೇ ಗೇಟು ತೆರೆಯುತ್ತದೆ, ತೊಟ್ಟಿಲು ತಿರುಗುತ್ತದೆ. ಹೋಟೆಲು ತುಂಬುತ್ತಿದ್ದದ್ದೇ ಆ ಎರಡು ತಾಸಿನ ಆಸೆಯಿಂದ.

ಅಮ್ಮನಿಗೂ ಆ ತೊಟ್ಟಿಲಿನ ಮೇಲೆ ಕಣ್ಣು. ಅವಳು ಹೊನ್ನಾವರದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ನಮ್ಮ ಮನೆ ಹೊಳೆಯ ಈಚೆ ದಡದಲ್ಲಿ, ಅಳಿವೆಯ ಹತ್ತಿರ. ಹೊಳೆ ಸಮುದ್ರಕ್ಕೆ ಬಾಯಿ ಬಿಡುವ ಜಾಗಕ್ಕೆ ನಾವು ಅಳಿವೆ ಎನ್ನುತ್ತೇವೆ. ಅಪ್ಪ ಇದ್ದಷ್ಟು ವರ್ಷವೂ ಅಮ್ಮ ದಡದ ಹೊಯಿಗೆಯ ಮೇಲೆ ನಿಂತು ಅಪ್ಪನ ದೋಣಿ ಅಳಿವೆ ದಾಟಿ ಒಳಗೆ ಬರುವುದನ್ನು ಕಾದಿದ್ದಾಳೆ. ನಿಂತಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಅಲೆ ಏರಿದಾಗ ನೀರು, ಅಲೆ ಇಳಿದಾಗ ದೋಣಿಯ ಮೂತಿ, ಅಷ್ಟೇ. ಮರಳ ದಿಬ್ಬಗಳ ನಡುವೆ ದೋಣಿ ಹೋಗುವ ದಾರಿ ಯಾವ ಕಡೆಗೆ ಬಳುಕುತ್ತದೆ, ಎಲ್ಲಿ ಆಳ, ಎಲ್ಲಿ ತಿರುವು, ಇದನ್ನೆಲ್ಲ ಅಪ್ಪ ಊಟಕ್ಕೆ ಕೂತಾಗ ನೆಲದ ಮೇಲೆ ಬೆರಳಿನಿಂದ ಗೀಚಿ ತೋರಿಸುತ್ತಿದ್ದ. ಅಪ್ಪ ಜ್ವರ ಬಂದು ತೀರಿಹೋದ. ತೊಟ್ಟಿಲು ಎದ್ದು ನಿಂತ ದಿನದಿಂದ ಅಮ್ಮನದು ಒಂದೇ ಪ್ರಶ್ನೆ.

“ಅದ್ರ ಮೇಲಿಂದ ದೋಣಿ ದಾರಿ ಕಾಣ್ತದ್ಯ ಮಗಾ?”

“ಕಾಣ್ತದೆ ಅಮ್ಮ. ಪೂರ್ತಿ ಕಾಣ್ತದೆ.”

“ಹಂಗಾರೆ ಒಂದ್ಸಲ ಕಾಣ್ಬೇಕಿತ್ತು.”

ಅವಳಿಗೆ ಸಕ್ಕರೆ ಕಾಯಿಲೆ. ಬಲಗಣ್ಣು ಆಗಲೇ ಅರ್ಧ ಹೋಗಿತ್ತು. ಎಡಗಣ್ಣಿನ ಒಳಗೂ ರಕ್ತನಾಳಗಳು ಸೋರಲು ಶುರುವಾಗಿವೆ, ಔಷಧಿ ಮಾಡೋಣ, ಆದರೆ ಎಷ್ಟು ದಿನ ಎಂದು ಹೇಳಲಾರೆ, ನೋಡಬೇಕಾದ್ದು ಏನಾದರೂ ಇದ್ದರೆ ತಡ ಮಾಡಬೇಡಿ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಬೇರೆಯವರು ಆಗ ತಿರುಪತಿ ಅನ್ನುತ್ತಾರೆ, ಮೊಮ್ಮಗನ ಮುಖ ಅನ್ನುತ್ತಾರೆ. ನನ್ನ ಅಮ್ಮ ಅಳಿವೆ ಅಂದಳು.

ನಮಗೆ, ಅಂದರೆ ಕೆಲಸದವರಿಗೆ, ವರ್ಷಕ್ಕೆ ಒಂದು ರಾತ್ರಿ ಮನೆಯವರೊಂದಿಗೆ ಹೋಟೆಲಿನಲ್ಲಿ ಉಳಿಯುವ ಸವಲತ್ತು ಇತ್ತು. ಮೇ ತಿಂಗಳಲ್ಲಿ ನಾನು ಅದನ್ನು ಬರೆಸಿದೆ. ರೂಮು ನನ್ನ ಹೆಸರಿನಲ್ಲಿ, ಜನ ಇಬ್ಬರು.

ಎರಡನೇ ಗೇಟಿನ ತಪಾಸಣೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಜನ ಎಂಥ ಕಳ್ಳರು ಎನ್ನುತ್ತೀರಿ! ಮೊದಲು ಬರೀ ಬ್ಯಾಂಡು ನೋಡಿ ಬಿಡುತ್ತಿದ್ದೆವು. ತೆಂಗಿನೆಣ್ಣೆ ಹಚ್ಚಿ ಬ್ಯಾಂಡನ್ನು ಕೈಯಿಂದ ಜಾರಿಸಿ, ಕಂಪೌಂಡಿನ ಮೇಲಿಂದ ಹೊರಗಿದ್ದ ನೆಂಟರಿಗೆ ಎಸೆಯುತ್ತಿದ್ದರು. ಓಂ ಬೀಚಿನ ಕಡೆ ಉಳಿದುಕೊಂಡವರು ಬೆಳಿಗ್ಗೆ ಖಾಲಿ ಮಾಡಿದವರ ಹಳೇ ಬ್ಯಾಂಡು ತೊಟ್ಟು ಸಂಜೆಗೆ ಹಾಜರು. ದಿನಕ್ಕೊಂದು ಬಣ್ಣ ಮಾಡಿದೆವು, ಅದಕ್ಕೂ ದಾರಿ ಹುಡುಕಿದರು. ಆಗ ನಗರದಿಂದ ಒಬ್ಬ ಮ್ಯಾನೇಜರ್ ಬಂದ. ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಂಥ ಪಾರ್ಕುಗಳಲ್ಲೇ ಕೆಲಸ ಮಾಡಿದವ. ಮೂರು ಪರೀಕ್ಷೆ ಇಟ್ಟ: ಬ್ಯಾಂಡು, ಕಾರ್ಡು, ಬಾಯಿ. ಬ್ಯಾಂಡಿನ ಬಣ್ಣ ಆ ದಿನದ್ದಾಗಿರಬೇಕು. ರೂಮಿನ ಕಾರ್ಡು ಯಂತ್ರಕ್ಕೆ ಮುಟ್ಟಿಸಿದರೆ ನಂಬರು, ಹೆಸರು, ಎಷ್ಟು ಜನ ಎಂಬುದು ಬರಬೇಕು. ಆಮೇಲೆ ಅದನ್ನೇ ಬಾಯಿಂದ ಕೇಳಬೇಕು. ಕದ್ದವ ಬಾಯಿಯಲ್ಲಿ ಎಡವುತ್ತಾನೆ ಎಂಬುದು ಅವನ ವಾದ. ಮೂರರಲ್ಲಿ ಒಂದು ತಪ್ಪಿದರೂ ಕತ್ತರಿ. ಗೇಟಿನ ಪಕ್ಕ ದಾರ ಕಟ್ಟಿ ಕತ್ತರಿ ತೂಗುಬಿಟ್ಟಿದ್ದ.

ನಾನೇನು ಕಡಿಮೆಯವಳಲ್ಲ. ಆ ಕತ್ತರಿಯಿಂದ ನಾನೂ ಎಷ್ಟೋ ಬ್ಯಾಂಡು ಕತ್ತರಿಸಿದ್ದೇನೆ, ಖುಷಿಯಿಂದಲೇ. ಅವನ ಬುದ್ಧಿವಂತಿಕೆಯನ್ನು ಮನೆಯಲ್ಲಿ ಹೊಗಳಿದ್ದೂ ಉಂಟು.

ಆ ದಿನ ಅಮ್ಮ ಮಾರ್ಕೆಟ್ಟಿಗೆ ಹೋಗಲಿಲ್ಲ. ಮೂರು ಸಲ ಸೋಪು ಹಚ್ಚಿ ಮಿಂದಳು, ಕೈಗೆ ಲಿಂಬೆಹಣ್ಣು ತಿಕ್ಕಿದಳು, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟಳು. ರೂಮಿಗೆ ಬಂದು ಹಾಸಿಗೆಯ ಮೇಲೆ ಕೂರಲೂ ನಾಚಿಕೆಪಟ್ಟಳು. ಸಂಜೆ ಇಬ್ಬರೂ ಎರಡನೇ ಗೇಟಿಗೆ ಹೊರಟೆವು. ಗೇಟು ಮುಟ್ಟುವಾಗ ಅವಳ ಕನ್ನಡಕ ರೂಮಿನಲ್ಲೇ ಉಳಿದದ್ದು ನೆನಪಾಯಿತು. ಕನ್ನಡಕವಿಲ್ಲದೆ ಮೇಲೆ ಹೋಗಿ ಎಂತ ಮಾಡುವುದು? ಗೇಟಿನಲ್ಲಿದ್ದ ಕುಮಟೆಯ ಗಾರ್ಡ್ ಗುರುತಿನವ. “ಅಮ್ಮನ್ನ ಇಲ್ಲೇ ನಿಲ್ಸು ಅಕ್ಕ, ನಾ ಕಾಣ್ತೆ” ಎಂದ. ಕಾರ್ಡು ನನ್ನ ಕೈಯಲ್ಲೇ ಇತ್ತು, ಹಾಗೇ ಓಡಿದೆ.

ಆ ಐದು ನಿಮಿಷದಲ್ಲಿ ನಡೆದದ್ದನ್ನು ಆ ಗಾರ್ಡೇ ಆಮೇಲೆ ನನಗೆ ಹೇಳಿದ್ದು. ಮ್ಯಾನೇಜರ್ ಬಂದನಂತೆ. ಅಂದು ಆಗಲೇ ನಾಲ್ಕು ಕಳ್ಳ ಬ್ಯಾಂಡು ಸಿಕ್ಕಿ ಅವನ ತಲೆ ಬಿಸಿಯಾಗಿತ್ತು. ಗೇಟಿಗೆ ಒರಗಿ ನಿಂತ ಅಮ್ಮನನ್ನು ಕಂಡ.

“ಏನಮ್ಮಾ, ಕಾರ್ಡ್ ಎಲ್ಲಿ?”

“ಮಗಳ ಹತ್ರ ಅದೆ.”

“ಮಗಳು ಎಲ್ಲಿ?”

“ಈಗ ಬತ್ತದೆ.”

“ರೂಮಿನಲ್ಲಿ ಎಷ್ಟು ಜನ ಇದ್ದೀರಿ?”

ಇಲ್ಲೇ ಆದದ್ದು ಎಡವಟ್ಟು. ನಮ್ಮಲ್ಲಿ ಮೀನು ಎಣಿಸುವಾಗ, ಭತ್ತ ಅಳೆಯುವಾಗ, ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು, ಹಾಗೆ. ಎಣಿಕೆ ಶುಭದಿಂದ ಶುರುವಾಗಲಿ ಎಂದು. ಅಮ್ಮ ನಲವತ್ತು ವರ್ಷ ಬಂಗಡೆ ಎಣಿಸಿದವಳು, ಅವಳ ಬಾಯಿಗೆ ಒಂದು ಎಂಬುದೇ ಬರುವುದಿಲ್ಲ. ಎದೆ ಮುಟ್ಟಿಕೊಂಡು “ಲಾಭ” ಎಂದಳು. ಹೋಟೆಲಿನ ಕಡೆ ಕೈ ತೋರಿಸಿ “ಎರಡು” ಎಂದಳು.

ಅವನು ಕೈಯಲ್ಲಿದ್ದ ಗೆಸ್ಟುಗಳ ಹೆಸರಿನ ಪಟ್ಟಿಯ ಮೇಲೆ ಬೆರಳಾಡಿಸಿದ. “ಲಾಭ ಅಂತ ಯಾರೂ ಇಲ್ವಲ್ಲ?”

“ಲಾಭ ಇಲ್ದೆ ಎರಡು ಹ್ಯಾಂಗೆ ಬತ್ತದೆ ಒಡ್ಯಾ?”

“ಲಾಭ ಯಾರಮ್ಮಾ?”

“ನಾನೇ ಲಾಭ!”

ಸುತ್ತ ನಿಂತವರು ನಕ್ಕರಂತೆ. ಅವನಿಗೆ ಅದು ತನ್ನನ್ನು ನೋಡಿ ನಕ್ಕ ಹಾಗೆ ಕಂಡಿತು. ಅಮ್ಮನ ಕೈ ಎಳೆದು ಹಿಡಿದು ಕಚಕ್ಕನೆ ಬ್ಯಾಂಡು ಕತ್ತರಿಸಿದ. “ಎಲ್ಲಿಂದಲೋ ಬ್ಯಾಂಡ್ ಹೊಡ್ಕೊಂಡು ಬಂದಿದ್ದಾಳೆ. ಮೀನಿನ ವಾಸನೆ ಬೇರೆ. ಇಂಥವರನ್ನು ಒಳಗೆ ಬಿಟ್ಟರೆ ಗೆಸ್ಟುಗಳು ಮೂಗು ಮುಚ್ಚಿಕೊಳ್ಳಬೇಕಾಗುತ್ತೆ, ಕಳಿಸಿ ಹೊರಗೆ” ಎಂದ. ಸಾಲಿನವರ ಕಾರ್ಡು ನೋಡುತ್ತಿದ್ದ ಗಾರ್ಡ್ ಇತ್ತ ಬಂದು, ಇವರು ನಮ್ಮ ಕೌಂಟರಿನ ಅಕ್ಕನ ಅಮ್ಮ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಸೆರಗು ಹೊದ್ದು ಹೊರಟೇಬಿಟ್ಟಿದ್ದಳು.

ನಾನು ಕನ್ನಡಕ ಹಿಡಿದು ಬಂದಾಗ ಗಾರ್ಡ್ ಎರಡು ಮಾತಿನಲ್ಲಿ ಆದದ್ದು ಹೇಳಿ ಹೆದ್ದಾರಿಯ ಕಡೆ ಕೈ ತೋರಿಸಿದ. ಓಡಿದೆ. ಅಮ್ಮ ಹೆದ್ದಾರಿಯ ಬಸ್ ಸ್ಟಾಪಿನಲ್ಲಿ ಕೂತಿದ್ದಳು.

“ಬಾ ಅಮ್ಮ, ಒಳಗೆ ಹೋಗ್ವ. ಅವ್ನ ಚಳಿ ಬಿಡಿಸ್ತೆ ನಾನು.”

“ಬ್ಯಾಡ. ನಿನ್ ಕೆಲ್ಸಕ್ಕೆ ತೊಂದ್ರೆ ಆಗೂದ್ ಬ್ಯಾಡ.” ಆಮೇಲೆ ಎರಡೂ ಕೈ ನನ್ನ ಮುಖದ ಹತ್ತಿರ ತಂದಳು. “ಮಗಾ, ವಾಸ್ನೆ ಬತ್ತದ್ಯ? ನಂಗೆ ಗೊತ್ತಾತಿಲ್ಲ. ನೀ ಹೇಳು.”

ಮೂಸಿದೆ. ಸೋಪು, ಲಿಂಬೆಹಣ್ಣು. ಬೇರೆ ಎಂತದೂ ಇರಲಿಲ್ಲ. ಆ ಹೊತ್ತಿಗೆ ಹೊನ್ನಾವರದ ಬಸ್ಸು ಬಂತು, ಅಮ್ಮ ಹತ್ತಿ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಸೊಕ್ಕು ಇಳಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಎಂದು ಆ ಬಸ್ ಸ್ಟಾಪಿನಲ್ಲೇ ನಿಂತು ಹೇಳಿಕೊಂಡೆ.

ನಾಲ್ಕನೇ ದಿನ ಅವನು ನನ್ನನ್ನು ಒಳಗೆ ಕರೆದ. ಕಂಪ್ಯೂಟರಿನಲ್ಲಿ ನಮ್ಮಿಬ್ಬರ ಹೆಸರು ಸರಿಯಾಗಿಯೇ ಇದ್ದದ್ದನ್ನು ನೋಡಿದ್ದ, ಗಾರ್ಡ್ ಲಾಭದ ಅರ್ಥವನ್ನೂ ಬಿಡಿಸಿ ಹೇಳಿದ್ದ. “ಆ ಲೆಕ್ಕ ನನಗೆ ಗೊತ್ತಿರಲಿಲ್ಲ. ವಾಸನೆ ಅಂದದ್ದು ಇನ್ನೂ ದೊಡ್ಡ ತಪ್ಪು. ಕ್ಷಮಿಸಿ. ಮಳೆಗೆ ತೊಟ್ಟಿಲು ನಿಲ್ಲಿಸುವ ಮೊದಲು ಅಮ್ಮನನ್ನು ಯಾವ ಸಂಜೆ ಬೇಕಾದರೂ ಕರ್ಕೊಂಡು ಬನ್ನಿ. ಗೇಟಲ್ಲಿ ನಾನೇ ನಿಂತಿರ್ತೀನಿ” ಎಂದು ಸಹಿ ಹಾಕಿದ ಚೀಟಿ ಕೊಟ್ಟ.

ನೋಡಿ, ಅಷ್ಟು ಹೇಳಿದ, ಇಲ್ಲ ಎನ್ನುವುದಿಲ್ಲ. ಆದರೆ ಹೇಳಿದ್ದು ಬಾಗಿಲು ಹಾಕಿಕೊಂಡು. ಮರ್ಯಾದೆ ತೆಗೆದದ್ದು ಬಯಲಲ್ಲಿ, ಕ್ಷಮೆ ಕೇಳಿದ್ದು ಎಸಿ ರೂಮಿನಲ್ಲಿ! ಅದು ಯಾವ ಸೀಮೆಯ ನ್ಯಾಯ? ನಾನು ಚೀಟಿ ತೆಗೆದುಕೊಂಡು, ಹೆಂಗಸರ ಪಾಯಿಖಾನೆಗೆ ಹೋಗಿ, ಚೂರುಚೂರು ಮಾಡಿ ನೀರು ಬಿಟ್ಟೆ. ಮರುದಿನ ಕೇಳಿದಾಗ “ಅಮ್ಮ ಇನ್ನು ಇತ್ಲಾಗೆ ಕಾಲಿಡೂದಿಲ್ಲ ಹೇಳಿದ್ದಾಳೆ” ಎಂದೆ. ಅವನ ಮುಖ ಇಳಿಯಿತು. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಅಮ್ಮನಿಗೆ ಚೀಟಿಯ ಸುದ್ದಿಯನ್ನು ನಾನು ಹೇಳಲೇ ಇಲ್ಲ. ಹೇಳಿದರೆ ಅವಳು ಹೊರಟುಬಿಡುತ್ತಾಳೆ, ಇವನು ನಗುತ್ತಾ ಗೇಟು ತೆರೆಯುತ್ತಾನೆ, ಅಲ್ಲಿಗೆ ಎಲ್ಲ ಮುಗಿದುಹೋಗುತ್ತದೆ. ನನಗೆ ಅದು ಮುಗಿಯುವುದು ಬೇಡವಾಗಿತ್ತು.

ಮೊದಲನೇ ಏಟು ಮೇ ಕೊನೆಯ ವಾರ. ನಾನು ಎರಡನೇ ಗೇಟಿನಲ್ಲಿದ್ದೆ. ಮಾಲೀಕರ ಭಾವಮೈದ ಸಂಸಾರ ಸಮೇತ ಬಂದ. ದೊಡ್ಡ ಹೊಟ್ಟೆ, ಕಪ್ಪು ಕನ್ನಡಕ. ಕೈಗೆ ಬ್ಯಾಂಡು ಇದೆ, ಕಾರ್ಡು ಇಲ್ಲ. ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

“ಕಾರ್ಡು?” ಎಂದೆ.

“ನಾನು ಯಾರು ಗೊತ್ತೇನಮ್ಮಾ?”

“ಗೊತ್ತಿಲ್ಲ ಸರ್. ಗೊತ್ತಿದ್ದರೂ ಬ್ಯಾಂಡು, ಕಾರ್ಡು, ಬಾಯಿ. ಮೂರೂ ಬೇಕು. ನಮ್ಮ ಮ್ಯಾನೇಜರ್ ಸಾಹೇಬರ ನಿಯಮ. ಅವರ ಸ್ವಂತ ಅಮ್ಮ ಬಂದರೂ ಬಿಡಬೇಡಿ ಅಂದಿದ್ದಾರೆ.”

ಸ್ವಂತ ಅಮ್ಮ ಎಂಬುದು ನಾನು ಸೇರಿಸಿದ್ದು. ಕಾಲು ಗಂಟೆ ಅವರನ್ನು ಬಿಸಿಲಿಗೆ ನಿಲ್ಲಿಸಿದೆ, ರೂಮಿನಲ್ಲಿ ಎಷ್ಟು ಜನ ಎಂದು ಎರಡೆರಡು ಸಲ ಕೇಳಿದೆ. ಅವನ ಹೆಂಡತಿಯ ಬ್ಯಾಂಡು ನಿನ್ನೆಯ ಬಣ್ಣದ್ದು ಎಂದು ಕತ್ತರಿಯನ್ನೂ ಕೈಗೆತ್ತಿಕೊಂಡೆ. ಮ್ಯಾನೇಜರ್ ಓಡಿ ಬಂದಾಗ ಭಾವಮೈದ ಅವನಿಗೆ ಎಲ್ಲರೆದುರು ನೀರಿಳಿಸಿದ, ಅವನಿಗೆ ಬಾಯೆತ್ತಲು ಬಿಡಲಿಲ್ಲ. ನಿಯಮ ಪಾಲಿಸಿದ ನನ್ನ ಮೇಲೆ ಯಾರೂ ಒಂದು ಮಾತು ಹೇಳುವಂತಿರಲಿಲ್ಲ. ಆ ರಾತ್ರಿ ನಾನು ಎರಡು ತುತ್ತು ಹೆಚ್ಚೇ ಉಂಡೆ.

ಆಮೇಲೆ ಜೂನು ಬಂತು. ಮಳೆ ಹಿಡಿದು ತೊಟ್ಟಿಲು ನಿಂತಿತು. ದೊಡ್ಡ ಬೋಟುಗಳು ಎರಡು ತಿಂಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಸಣ್ಣ ದೋಣಿಯವರು ತಂದದ್ದೇ ಮೀನು. ಹೋಟೆಲಿನಲ್ಲಿ ಉಳಿಯುವವರಿಗೋ ನೊಗ್ಲಿ ಮೀನು ಬೇಕು, ಶೆಟ್ಲಿ ಬೇಕು, ಶೆಟ್ಲಿ ಅಂದರೆ ಸಿಗಡಿ. ಅಡುಗೆಮನೆಗೆ ಮೀನು ಆರಿಸುವ ಕೆಲಸವೂ ಆ ಮ್ಯಾನೇಜರನ ಮೇಲೆ ಬಿತ್ತು. ಬೇರೆ ದಾರಿಯಿಲ್ಲದೆ ಅವನು ಹೊನ್ನಾವರದ ಮಾರ್ಕೆಟ್ಟಿಗೆ ಬರಲೇಬೇಕಾಯಿತು. ನಾನು ಆಗಲೇ ಅಲ್ಲಿಯ ಹೆಂಗಸರನ್ನೆಲ್ಲ ಕೂಡಿಸಿ ಕತೆ ಹೇಳಿ ಮುಗಿಸಿದ್ದೆ. ವಾಸನೆಯ ಮಾತು ಬಂದಾಗ ಒಬ್ಬೊಬ್ಬಳ ಮುಖವೂ ಕೆಂಪಾಗಿತ್ತು.

ಮೊದಲ ದಿನ ರಜೆ ಹಾಕಿ ಹೋಗಿ ನನ್ನ ಕಣ್ಣಾರೆ ನೋಡಿದೆ. ಅವನು ಮೊದಲನೇ ಕಟ್ಟೆಯ ಮುಂದೆ ನಿಂತ.

“ನೊಗ್ಲಿ ಇದೆಯಾ?”

“ಅದೆ ಒಡ್ಯಾ. ಬ್ಯಾಂಡ್ ಎಲ್ಲಿ?”

“ಏನು?”

“ಬ್ಯಾಂಡು. ಕೈ ತೋರ್ಸಿ ಕಾಂಬ. ಇವತ್ತು ನೀಲಿ ಬಣ್ಣ ನಮ್ದು.”

ಪಕ್ಕದವಳು ಕೂಗಿದಳು. “ಕಾರ್ಡ್ ಇದ್ಯ ಕೇಳೇ! ಕಾರ್ಡ್ ಇಲ್ದೆ ಶೆಟ್ಲಿ ಮುಟ್ಟೂಕಿಲ್ಲ!”

ಮೂರನೆಯವಳು ಕತ್ತಿಯನ್ನು ಕಲ್ಲಿಗೆ ತಿಕ್ಕುತ್ತ, “ಮನೇಲಿ ಎಷ್ಟ್ ಜನ ನೀವು? ಎಣ್ಸಿ ಹೇಳಿ” ಎಂದಳು. ಪಾಪ, ಬೆವರುತ್ತಾ ನಿಂತಿದ್ದವ ಗಾಬರಿಯಲ್ಲಿ ಎಣಿಸಿಯೇಬಿಟ್ಟ. “ಒಂದು, ಎರಡು...”

“ಒಂದು ಅಂತ ಯಾರೂ ನಮ್ಮ ಲಿಸ್ಟಲ್ಲಿ ಇಲ್ವಲ್ಲ! ಒಂದು ಯಾರು ಮಾರಾಯ್ರೆ?”

ಇಡೀ ಮಾರ್ಕೆಟ್ಟು ಹೋ ಎಂದಿತು. ಮೂಲೆಯ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಅಬ್ಬಬ್ಬಾ, ಎಂತ ಸೆಂಟಿನ ವಾಸ್ನೆ! ನನ್ ಬಂಗ್ಡೆ ಎಲ್ಲ ಮುಖ ಮುಚ್ಕಂತದೆ, ಕಳ್ಸಿ ಅವ್ರನ್ನ ಹೊರ್ಗೆ” ಎಂದಳು. ನಾನು ನಕ್ಕು ನಕ್ಕು ಕಂಬ ಹಿಡಿದುಕೊಂಡೆ. ಆಹಾ, ಆ ಸುಖ! ಈಗ ಬರೆಯುವಾಗಲೂ ನಗು ಬರುತ್ತದೆ, ಸುಳ್ಳು ಹೇಳುವುದಿಲ್ಲ.

ಅವನು ಕುಮಟೆಗೆ ಹೋದ. ಅಲ್ಲಿ ಕೂರುವವರೆಲ್ಲ ಇಲ್ಲಿಯವರ ಅಕ್ಕತಂಗಿಯರು, ಫೋನು ಅವನ ಕಾರಿಗಿಂತ ಮೊದಲೇ ಮುಟ್ಟಿತ್ತು. ಕೊನೆಗೆ ಭಟ್ಕಳದ ಕಡೆ ತೆಂಗಿನಗುಂಡಿಯ ತನಕ ಹೋದ. ದಡದಲ್ಲಿ ಮೀನು ರಾಶಿ ಹಾಕಿ ಕೂತಿದ್ದವಳು ನನ್ನ ಚಿಕ್ಕಮ್ಮ. “ರೂಂ ನಂಬರ್ ಹೇಳಿ” ಎಂದಳಂತೆ. ಬರಿಗೈಯಲ್ಲಿ ವಾಪಸು ಬಂದ. ಹೋಟೆಲಿನ ಊಟದ ಪಟ್ಟಿಯಲ್ಲಿ ಮೀನಿನ ಜಾಗದಲ್ಲೆಲ್ಲ ಕೋಳಿ ಬಂತು. ಬಂದವರು ಸಿಡುಕಿದರು. ಸಮುದ್ರದ ಬುಡದಲ್ಲಿ ಕೂತು ಕೋಳಿ ತಿನ್ನಿಸುತ್ತೀರಾ ಎಂದು ಕೌಂಟರಿನಲ್ಲಿ ನನಗೇ ಬೈದರು. ನಾನು ವಿನಯದಿಂದ ಮ್ಯಾನೇಜರನ ಬಾಗಿಲು ತೋರಿಸಿದೆ.

ಒಂದು ಮಾತ್ರ ನನಗೆ ಸಿಟ್ಟು ಬರಿಸುತ್ತಿತ್ತು. ಅಮ್ಮ ನಗುತ್ತಿರಲಿಲ್ಲ. ಎಲ್ಲರೂ ಅವಳಿಗಾಗಿಯೇ ಕೂಗುತ್ತಿದ್ದರೆ ಅವಳು ತನ್ನ ಕಟ್ಟೆಯ ಮೇಲೆ ತಲೆ ತಗ್ಗಿಸಿ ತಾರ್ಲೆ ಮೀನಿನ ಮೇಲೆ ನೀರು ಚಿಮುಕಿಸುತ್ತಾ ಕೂತಿರುತ್ತಿದ್ದಳು. “ಎಂತ ಅಮ್ಮ, ನಿಂಗೆ ಖುಷಿ ಆತಿಲ್ವ?” ಎಂದು ಕೇಳಿದೆ. “ಆತು ಬಿಡೆ, ಸಾಕು” ಎಂದಳು. ಇಷ್ಟು ಒಳ್ಳೆಯವಳಾದರೆ ಲೋಕದಲ್ಲಿ ಬದುಕುವುದು ಹೇಗೆ ಎಂದು ನಾನು ಅವಳ ಮೇಲೆಯೇ ರೇಗಿದೆ.

ಆಗಸ್ಟಿನ ಒಂದು ಬೆಳಿಗ್ಗೆ ಅಮ್ಮ ಹಾಸಿಗೆಯಿಂದ ಎದ್ದು, ಎಡಗಣ್ಣಿನ ಮುಂದೆ ಕೆಂಪು ಪರದೆ ಇಳಿದ ಹಾಗೆ ಆಗಿದೆ ಎಂದಳು. ಕಣ್ಣಿನೊಳಗೆ ರಕ್ತ ಸೋರಿತ್ತು. ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಇಂಜೆಕ್ಷನ್ ಕೊಟ್ಟರು, ಲೇಸರ್ ಮಾಡಿದರು, ಅವರಿಂದಾದದ್ದನ್ನೆಲ್ಲ ಮಾಡಿದರು. ವಾಪಸು ಬರುವಾಗ ಅವಳಿಗೆ ಬೆಳಕು ಗೊತ್ತಾಗುತ್ತಿತ್ತು, ಕಿಟಕಿ ಎಲ್ಲಿದೆ ಎಂಬುದು ಗೊತ್ತಾಗುತ್ತಿತ್ತು, ನನ್ನ ಮುಖ ಗೊತ್ತಾಗುತ್ತಿರಲಿಲ್ಲ. ಸರಿಹೋಗುತ್ತದೆ ಎಂದುಕೊಂಡೆ. ಅಷ್ಟು ದಿನ ಅವನ ಮೇಲೆ ಹಲ್ಲು ಕಡಿಯುವುದರಲ್ಲೇ ಇದ್ದವಳಿಗೆ ಬೇರೇನನ್ನು ಯೋಚಿಸಲೂ ಧೈರ್ಯವಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಅವನು ಕೆಲಸ ಬಿಟ್ಟ. ಮೀನಿಲ್ಲದ ಮಳೆಗಾಲ, ಭಾವಮೈದನ ಸಿಟ್ಟು, ಎರಡೂ ಸೇರಿ ಅವನನ್ನು ಓಡಿಸಿದವು. ಹೋಗುವ ದಿನ ಕೌಂಟರಿನ ಮುಂದೆ ನಿಂತು “ಅಮ್ಮನ ಕಣ್ಣು ಹೇಗಿದೆ?” ಎಂದು ಕೇಳಿದ. ಕಣ್ಣಿನ ವಿಷಯ ಇವನಿಗೆ ಹೇಗೆ ಗೊತ್ತು ಎಂದು ಒಂದು ಕ್ಷಣ ಅನಿಸಿತು. ಮುಖ ತಿರುಗಿಸಿ ಬ್ಯಾಂಡುಗಳ ಕಟ್ಟು ಎಣಿಸತೊಡಗಿದೆ. ಅವನ ಕಾರು ಗುಡ್ಡ ಇಳಿಯುವುದನ್ನು ಗಾಜಿನ ಹಿಂದೆ ನಿಂತು ನೋಡಿದೆ, ಗೆದ್ದೆ ಎಂದುಕೊಂಡೆ.

ಅಕ್ಟೋಬರಿನಲ್ಲಿ ಮಳೆ ಬಿಟ್ಟು ತೊಟ್ಟಿಲು ಮತ್ತೆ ಶುರುವಾಯಿತು. ಹೊಸ ಮ್ಯಾನೇಜರಿಗೆ ಹೇಳಿ ಅಮ್ಮನಿಗೆ ಒಂದು ಸಂಜೆಗೆ ಅನುಮತಿ ತೆಗೆದುಕೊಂಡೆ. ಬ್ಯಾಂಡನ್ನು ನಾನೇ ಅವಳ ಕೈಗೆ ಕಟ್ಟಿದೆ. ಎರಡನೇ ಗೇಟಿನಲ್ಲಿ ಅದೇ ಕುಮಟೆಯ ಗಾರ್ಡ್ ಏನೂ ಕೇಳದೆ ಸರಿದು ನಿಂತ. ಅಮ್ಮ ನನ್ನ ಭುಜ ಹಿಡಿದು ಗಾಜಿನ ಪೆಟ್ಟಿಗೆಯೊಳಗೆ ಕಾಲಿಟ್ಟಳು. ತೊಟ್ಟಿಲು ಮೇಲೆ ಹೋಯಿತು. ನೆತ್ತಿಯಲ್ಲಿ ಒಂದು ನಿಮಿಷ ನಿಲ್ಲಿಸುತ್ತಾರೆ.

“ಬಂತಾ ಮೇಲೆ?”

“ಬಂತು ಅಮ್ಮ. ಕಾಣ್ತದ್ಯ?”

“ಬೆಳ್ಕು ಕಾಣ್ತದೆ. ಹಳದಿ ಬೆಳ್ಕು. ಬಾಕಿ ನೀ ಹೇಳು.”

ಅವಳಿಗೆ ಖುಷಿಯಾಗಲಿ ಎಂದು, “ದೋಣಿ ಎಲ್ಲ ಸಾಲಾಗಿ ಅಳಿವೆ ಒಳ್ಗೆ ಬತ್ತಾ ಅವೆ ಅಮ್ಮ, ಎಷ್ಟ್ ಚಂದ” ಎಂದೆ.

“ಸುಳ್ ಹೇಳ್ಬೇಡ. ಈಗ ಇಳಿತ. ನೀರೆಲ್ಲ ಹೊರ್ಗೆ ಓಡೂ ಹೊತ್ತು, ಯಾವ ದೋಣಿನೂ ಬರೂದಿಲ್ಲ. ಇದ್ದದ್ದ್ ಹೇಳು.”

ಇದ್ದದ್ದನ್ನು ಹೇಳಿದೆ. ದೋಣಿ ಒಂದೂ ಇಲ್ಲ. ಹೊಳೆಯ ಕಂದು ನೀರು ಮರಳ ದಿಬ್ಬಕ್ಕೆ ತಾಗಿ ಬಡಗು ದಿಕ್ಕಿಗೆ ಬಾಗುತ್ತದೆ. ಅಲ್ಲಿಂದ ಕಿರಿದಾಗಿ, ಎರಡೂ ಕಡೆ ನೊರೆ ಇರುವ ಜಾಗದಲ್ಲಿ ತಟಕ್ಕನೆ ಪಡುವಣಕ್ಕೆ ತಿರುಗುತ್ತದೆ. ಅಮ್ಮ ತೊಡೆಯ ಮೇಲೆ ಬೆರಳಿನಿಂದ ನಾನು ಹೇಳಿದ ಹಾಗೇ ಗೀಚುತ್ತಾ ಬಂದಳು. ನನ್ನಿಂದ ತಡೆಯಲಾಗಲಿಲ್ಲ.

“ಅಮ್ಮ, ಅವ ನಾಕನೇ ದಿನಕ್ಕೇ ಕರ್ದಿದ್ದ. ತಪ್ಪಾತು ಹೇಳಿ ಚೀಟಿ ಕೊಟ್ಟಿದ್ದ. ನಾ ಹರ್ದು ಹಾಕ್ದೆ. ನಿಂಗೆ ಹೇಳಲಿಲ್ಲ.”

“ಗೊತ್ತು.”

“ಎಂತ ಗೊತ್ತು?”

“ಅದ್ರ ಮುಂದಿನ ವಾರ ಮಾರ್ಕೆಟ್ಟಿಗೆ ಬಂದಿದ್ರು, ಇವ್ರೆಲ್ಲ ಕೂಗೂಕೆ ಶುರು ಮಾಡೂ ಮೊದ್ಲು. ನನ್ ಕಟ್ಟೆ ಎದ್ರು ಎಲ್ಲರ್ ಮುಂದೆನೇ ಕೈ ಮುಗ್ದ್ರು. ‘ನೀವು ಬರೂದಿಲ್ಲ ಅಂದ್ರಂತೆ, ಬನ್ನಿ ಅಮ್ಮ’ ಹೇಳಿದ್ರು. ನಾನು ಕಣ್ಣಿನ ವಿಷ್ಯ ಹೇಳ್ದೆ. ಬತ್ತೆ, ನನ್ ಮಗಳು ಕರ್ಕಂಡ್ ಬತ್ತದೆ ಹೇಳ್ದೆ.”

ಎಲ್ಲರ ಮುಂದೆ. ಮಾರ್ಕೆಟ್ಟಿನ ಹೆಂಗಸರೂ ಕಂಡಿದ್ದರು. ನನ್ನ ಸಿಟ್ಟು ನೋಡಿ ಯಾರೂ ಬಾಯಿ ಬಿಟ್ಟಿರಲಿಲ್ಲ.

“ಮತ್ತೆ ನನ್ ಹತ್ರ ಎಂತಕ್ಕೆ ಕೇಳಲಿಲ್ಲ ನೀನು?”

“ನೀನಾಗೇ ಕರೀಲಿ ಹೇಳಿ ಕಾದೆ. ಮಳೆ ಹಿಡಿಯೂ ತನಕ ದಿನಾ ಸಂಜೆ ಮೈ ತೊಳ್ದು ಆ ಹಸ್ರು ಸೀರೆ ಉಟ್ಕಂಡು ಕೂತಿರ್ತಿದ್ದೆ ಮಗಾ. ನೀ ಬಂದು ಅವ್ರಿಗೆ ಬಯ್ತಾ ಊಟ ಮಾಡ್ತಿದ್ದೆ.”

ತೊಟ್ಟಿಲು ಕದಲಿ ಕೆಳಗೆ ಇಳಿಯತೊಡಗಿತು. ನಾನು ಅಳಿವೆಯನ್ನೂ ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಅವನು ಕತ್ತರಿಸಿದ್ದು ಕಾಗದ. ಇದನ್ನು ಮಾಡಿದವಳು ನಾನು. ಕೆಳಗೆ ಬಂದಾಗ ಪೆಟ್ಟಿಗೆಯ ಬಾಗಿಲು ತೆರೆದವಳು, ಜನ ಕಡಿಮೆ ಇದ್ದಾರೆ, ಇನ್ನೊಂದು ಸುತ್ತು ಬೇಕಾ ಎಂದು ಕೇಳಿದಳು. ನಾನು ಇಳಿಯಲು ಎದ್ದು ನಿಂತಿದ್ದೆ.

“ಬೇಕು” ಎಂದಳು ಅಮ್ಮ. ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು. “ಆ ತಿರುವಿನ ಹತ್ರ ನೀ ಗಡಿಬಿಡಿ ಮಾಡ್ದೆ. ಈ ಸಲ ನಿಧಾನ ನೋಡಿ ಹೇಳು.”